ಹದಿಮೂರು ಹೆಬ್ಬೆಟ್ಟು, ಇಪ್ಪತ್ತಾರು ಇಡ್ಲಿ

ನನ್ನ ಸೋದರಮಾವನಷ್ಟು ಜನಪ್ರಿಯ ಮನುಷ್ಯ ಮುಂಬಯಿ ಹೊರವಲಯದ ಕಲ್ಯಾಣದಿಂದ ಠಾಣೆ ಊರಿನವರೆಗೆ ಹುಡುಕಿದರೂ ನಿಮಗೆ ಸಿಗಲಿಕ್ಕಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅವರ ಜೊತೆ ಸೈಕಲ್ ಸವಾರಿಗೆ ಬರಲು ಹದಿಮೂರು ಜನ ಒಪ್ಪಿಕೊಳ್ಳುತ್ತಾರೆ. ಹದಿಮೂರು! ನಮ್ಮ ಸೊಸೈಟಿಯ ಮೀಟಿಂಗಿಗೆ ಸಮೋಸದ ಆಸೆ ತೋರಿಸಿದರೂ ಅಷ್ಟು ಜನ ಸೇರುವುದಿಲ್ಲ. ಒಂದೇ ಒಂದು ಸಣ್ಣ ಕೊರತೆ ಎಂದರೆ, ಎರಡು ವರ್ಷಗಳಲ್ಲಿ ಆ ಹದಿಮೂರು ಜನರಲ್ಲಿ ಒಬ್ಬರೂ ಹೋಗಿರಲಿಲ್ಲ. ಆ ಹದಿಮೂರರಲ್ಲಿ ನಾನೂ ಒಬ್ಬಳು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ಮಾವ ಉಡುಪಿ ಕಡೆಯಿಂದ ಹದಿನೆಂಟು ವರ್ಷಕ್ಕೇ ಬಂದು ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿಗೆ ಸೇರಿದವರು. ಪ್ಲೇಟು ಎತ್ತುವುದರಿಂದ ಶುರುಮಾಡಿ ಮ್ಯಾನೇಜರಾದರು. ಮಲಗುತ್ತಿದ್ದದ್ದು ಅದೇ ಹೋಟೆಲಿನ ಅಟ್ಟದ ಮೇಲೆ, ಇಪ್ಪತ್ತು ಕೆಲಸಗಾರರ ನಡುವೆ. ಮದುವೆ? "ಹೋಟೆಲಿಗೆ ರಜೆ ಇರ್ಲಿಲ್ಲ ಮಾರಾಯ್ತಿ, ಯಾವಾಗ ಆಗುದು?" ಎನ್ನುತ್ತಾರೆ. ಕೊನೆಗೆ ಮಾಲೀಕರು ಹೋಟೆಲನ್ನು ಮಾರಿದರು, ಅಲ್ಲಿ ಮೊಬೈಲ್ ಅಂಗಡಿ ಬಂತು, ಮಾವ ಅರವತ್ತೈದನೇ ವಯಸ್ಸಿನಲ್ಲಿ ಜೀವನದಲ್ಲಿ ಮೊದಲ ಸಲ ಒಂದು ಕೋಣೆಯಲ್ಲಿ ಒಬ್ಬರೇ ಮಲಗಿದರು. ಮೊದಲ ವಾರ ನಿದ್ದೆಯೇ ಬರಲಿಲ್ಲವಂತೆ. "ಯಾರೂ ಗೊರಕೆ ಹೊಡೆಯುದಿಲ್ಲ, ಹೆದರಿಕೆ ಆಗ್ತದೆ!" ಎಂದು ಅಮ್ಮನಿಗೆ ಫೋನ್ ಮಾಡಿದ್ದರು.

ನಿದ್ದೆ ಬರಬೇಕಾದರೆ ಮೈ ದಣಿಯಬೇಕು ಎಂದು ಯಾರೋ ಡಾಕ್ಟರು ಹೇಳಿದರು. ಮಾವ ಅದೇ ಸಂಜೆ ಕಲ್ಯಾಣಕ್ಕೆ ಹೋಗಿ ಮೌಂಟನ್ ಬೈಕ್ ಕೊಂಡರು. ಅಂಗಡಿಯವನು ವಯಸ್ಸು ನೋಡಿ, "ಅಂಕಲ್, ಪಹಾಡ್ ಪೇ ಚಲಾಯೇಂಗೇ?" ಎಂದು, ಗುಡ್ಡಬೆಟ್ಟ ಹತ್ತಿಸುತ್ತೀರಾ ಎಂದು ಕೇಳಿದನಂತೆ.

"ನಹೀ, ಸಪಾಟ್ ಪೇ."

"ತೋ ಸಾದಾ ಸೈಕಲ್ ಲೇ ಲೋ ನಾ!"

ಮಾವ ಒಪ್ಪಲಿಲ್ಲ. ಹೋಟೆಲಿನಲ್ಲಿ ನಲವತ್ತೇಳು ವರ್ಷ ಕಳೆದವರು, ಪಾತ್ರೆಯ ತಳ ದಪ್ಪ ಇದ್ದರೆ ಮಾತ್ರ ಬಾಳಿಕೆ ಬರುತ್ತದೆ ಎಂದು ನಂಬಿದವರು. ಟೈರೂ ದಪ್ಪವೇ ಬೇಕು! ಹೀಗೆ ಬೆಟ್ಟ ಹತ್ತುವ ಸೈಕಲ್ಲು, ಒಂದು ಫ್ಲೈಓವರನ್ನೂ ಹತ್ತದ ಸವಾರನ ಕೈಗೆ ಬಂತು. ಅದರಲ್ಲಿ ಇಪ್ಪತ್ತೊಂದು ಗೇರುಗಳಿವೆ. ಮಾವ ಬಳಸುವುದು ಒಂದನ್ನೇ. ಉಳಿದ ಇಪ್ಪತ್ತು ಯಾಕೆ ಎಂದು ಕೇಳಿದರೆ, "ಸ್ಟಾಕಿನಲ್ಲಿ ಇರ್ಲಿ" ಎನ್ನುತ್ತಾರೆ.

ಇಷ್ಟಾದರೆ ಆ ಸೈಕಲ್ಲಿನ ಮಾನ ಹೇಗೋ ಉಳಿಯುತ್ತಿತ್ತು. ಮಾವ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಹಿಂದುಗಡೆ ಹಾಲಿನವರ ಸೈಕಲ್ಲಿಗಿರುವಂಥ ಭಾರೀ ಕ್ಯಾರಿಯರ್ ಹಾಕಿಸಿದರು. ವೆಲ್ಡಿಂಗಿನವನು ಕೈಮುಗಿದು, "ಕಾಕಾ, ಏವಢೀ ಮಹಾಗಡೀ ಸೈಕಲ್, ನಕಾ ಕರೂ!" ಎಂದು, ಇಷ್ಟು ದುಬಾರಿ ಸೈಕಲ್ಲಿಗೆ ಹೀಗೆ ಮಾಡಬೇಡಿ ಎಂದು ಬೇಡಿಕೊಂಡನಂತೆ. ಮಾವ ಹೇಳಿದ್ದು ಒಂದೇ ಮಾತು: "ಪಚಾಸ್ ಕಿಲೋ ತಡೀಬೇಕು. ಬಾಗಿದ್ರೆ ನಿನ್ನನ್ನು ಬಿಡುದಿಲ್ಲ." ಐವತ್ತು ಕಿಲೋ ಏನನ್ನು ಹೊರುತ್ತಾರೆ ಎಂದು ಮನೆಯಲ್ಲಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಇಡ್ಲಿಯನ್ನೇ? ಅಕ್ಕಿ ಮೂಟೆಯನ್ನೇ? ಆಗ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಅವರ ಸಾಂಬಾರ್ ಪರೀಕ್ಷೆಯ ಬಗ್ಗೆ ಹೇಳದಿದ್ದರೆ ನನಗೆ ಪಾಪ ತಟ್ಟುತ್ತದೆ. ಕೆರೆದಂಡೆ, ನದಿದಂಡೆ ಎಲ್ಲಿ ಮಣ್ಣಿನ ದಾರಿ ಕಂಡರೂ ಮಾವ ವಾರದ ನಡುವೆ ಒಮ್ಮೆ ಹೋಗಿ ಪರೀಕ್ಷೆ ಮಾಡುತ್ತಾರೆ. ಕ್ಯಾರಿಯರಿಗೆ ಸ್ಟೀಲಿನ ಡಬ್ಬಿ ಕಟ್ಟಿ, ಅದರಲ್ಲಿ ಕಂಠಮಟ್ಟ ಸಾಂಬಾರ್ ತುಂಬಿಸಿ, ಮುಚ್ಚಳ ಹಾಕದೆ ಆ ದಾರಿಯಲ್ಲಿ ಸೈಕಲ್ ಬಿಡುತ್ತಾರೆ. ಚೆಲ್ಲದಿದ್ದರೆ ಅದು ಸುಲಭದ ದಾರಿ, "ಸಾಂಬಾರ್ ಓಕೆ." ಸ್ವಲ್ಪ ಚೆಲ್ಲಿದರೆ "ಚಟ್ನಿ ಮಾತ್ರ." ಠಾಣೆಯ ಉಪ್ವನ್ ಕೆರೆಗೆ ಸಾಂಬಾರ್ ಓಕೆ ಸಿಕ್ಕಿದೆ. ಡೊಂಬಿವಲಿಯ ಖಾಡಿ, ಅಂದರೆ ಹಿನ್ನೀರಿನ ದಂಡೆಗೆ ಮಳೆಗಾಲ ಬಿಟ್ಟು ಓಕೆ. ಶಹಾಡ್ ಹತ್ತಿರದ ಉಲ್ಹಾಸ್ ನದಿಯ ದಂಡೆ ಬಹಳ ಚೆಂದ, ಆದರೆ ಬರೀ ಕಲ್ಲು, ಆದ್ದರಿಂದ ಚಟ್ನಿ ಮಾತ್ರ. ನವಿ ಮುಂಬಯಿಯ ಪಾರಸಿಕ್ ಗುಡ್ಡಕ್ಕೆ ಹೋಗಿ ಬುಡದಲ್ಲೇ ನಿಂತು ತಲೆಯೆತ್ತಿ ನೋಡಿ, "ಇದಕ್ಕೆ ಖಾಲಿ ಚಕ್ಕುಲಿ" ಎಂದು ವಾಪಸು ಬಂದರು!

ಪ್ರತಿ ಶನಿವಾರ ಮಧ್ಯಾಹ್ನ ಫೋನಿನ ಫ್ಯಾಮಿಲಿ ಗ್ರೂಪಿನಲ್ಲಿ ಮಾವನ ಸಂದೇಶ ಬರುತ್ತದೆ. "ನಾಳೆ ಬೆಳಿಗ್ಗೆ ಆರೂವರೆ. ಉಪ್ವನ್ ಕೆರೆ. ಏರು ಇಲ್ಲ. ಸಾಂಬಾರ್ ಓಕೆ. ತಿಂಡಿ ಉಂಟು." ಕೂಡಲೇ ಹೆಬ್ಬೆಟ್ಟುಗಳ ಸುರಿಮಳೆ. ಠಾಣೆಯ ದೊಡ್ಡಮ್ಮನ ಮಗ ಒಂದು ಹೆಬ್ಬೆಟ್ಟು. ಅವನ ಸೈಕಲ್ಲು ಬಾಲ್ಕನಿಯಲ್ಲಿ ಟವೆಲ್ ಒಣಗಿಸುವ ಕೆಲಸದಲ್ಲಿದೆ. ನೆರೂಲಿನ ಚಿಕ್ಕಮ್ಮ ಒಂದು ಹೆಬ್ಬೆಟ್ಟು. ಅವರು ಸೈಕಲ್ ಮುಟ್ಟಿದ್ದೇ ಇಲ್ಲ. ಅವರ ಮೊಮ್ಮಗಳು ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿದ್ದ ನನಗೆ ಮಾತ್ರ, "ಸಂಡೇ ಕೋ ಸಾಡೇ ಛೇ ಬಜೇ? ಅಜ್ಜಾ ಪಾಗಲ್ ಹೈ ಕ್ಯಾ?" ಎಂದಿದ್ದಳು. ನಾನೋ, ಠಾಣೆ ಕೋಪರಿಯಿಂದ ಬೇಲಾಪುರದ ಆಫೀಸಿಗೆ ವಾರಕ್ಕೆ ಆರು ದಿನ ಲೋಕಲ್ ಟ್ರೇನಿನಲ್ಲಿ ಜಜ್ಜಿಸಿಕೊಂಡು ಹೋಗಿಬರುವವಳು. ಭಾನುವಾರ ಎದ್ದೇಳುವುದೇ ಒಂಬತ್ತಕ್ಕೆ. ಆದರೂ ಹೆಬ್ಬೆಟ್ಟು ಒತ್ತುವುದಕ್ಕೆ ಏಳಬೇಕಾಗಿಲ್ಲವಲ್ಲ!

ಬರುವುದಿಲ್ಲ ಎಂದು ಅಕ್ಷರದಲ್ಲಿ ಬರೆದು ತಿಳಿಸುತ್ತಿದ್ದವರು ಅಮ್ಮ ಒಬ್ಬರೇ. "ಮೊಣಗಂಟು ಬಿಡುದಿಲ್ಲ ಮಾರಾಯ. ನೀನು ಜಾಗ್ರತೆ ಹೋಗು."

ಮಾವ ಹೆಬ್ಬೆಟ್ಟುಗಳನ್ನು ಎಣಿಸಿ, ತಲೆಗೆ ಎರಡರಂತೆ ಇಪ್ಪತ್ತಾರು ಇಡ್ಲಿ ಬೇಯಿಸುತ್ತಿದ್ದರು. ಭಾನುವಾರ ಕೆರೆದಂಡೆಯಲ್ಲಿ ಕಾಯುತ್ತಿದ್ದರು. ಏಳು ಗಂಟೆಯವರೆಗೆ ಕಾದು, ಒಬ್ಬರೇ ಒಂದು ಸುತ್ತು ಹೊಡೆದು, ಇಡ್ಲಿಗಳನ್ನು ಸಿಕ್ಕಿದವರಿಗೆ ಹಂಚಿ ಮನೆಗೆ ಹೋಗುತ್ತಿದ್ದರು. ಇದೆಲ್ಲ ನನಗೆ ಗೊತ್ತಾಗುತ್ತಿದ್ದದ್ದು ಅಮ್ಮನಿಂದ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಊಟ ಮುಗಿಸಿ ಅಮ್ಮ ಮಾವನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕಾಲು ಚಾಚಿ ಕೂರುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಇವತ್ತು ಯಾರಾದ್ರೂ ಬಂದಿದ್ರಾ?"

"ಇಲ್ಲ ಅಕ್ಕ. ಎಲ್ಲರಿಗೂ ಎಂತದೋ ಕೆಲಸ ಬಂತು ಕಾಣ್ತದೆ."

ಆಮೇಲೆ ವರದಿ. ಒಮ್ಮೆ ಉಪ್ವನ್‌ನಲ್ಲಿ ಒಬ್ಬ ಮುದುಕರು ಇಡೀ ಬೆಂಚಿನಲ್ಲಿ ಒಬ್ಬರೇ ಕೂತಿದ್ದರಂತೆ. ಆಚೆ ಬೆಂಚಿನಲ್ಲಿ ಇನ್ನೊಬ್ಬರು, ಅವರೂ ಒಬ್ಬರೇ. ಉಡುಪಿ ಹೋಟೆಲಿನವರಿಗೆ ನಾಲ್ಕು ಜನರ ಟೇಬಲ್ಲಿಗೆ ಒಬ್ಬನೇ ಕೂತದ್ದು ಕಂಡರೆ ಕೈ ತುರಿಸುತ್ತದೆ. ಮಾವ ಹೋಗಿ, "ಸಾಬ್, ಥೋಡಾ ಸರಕೋ, ಶೇರಿಂಗ್ ಹೈ" ಎಂದು, ಸ್ವಲ್ಪ ಸರಿಯಲು ಹೇಳಿ, ಒಬ್ಬರನ್ನು ಎಬ್ಬಿಸಿ ತಂದು ಇನ್ನೊಬ್ಬರ ಪಕ್ಕ ಕೂರಿಸಿ, ಇಬ್ಬರ ಕೈಗೂ ಇಡ್ಲಿ ಕೊಟ್ಟರು. ಕೆರೆದಂಡೆಯಲ್ಲಿ ಯಾವ ರಷ್ಷು, ಯಾರಿಗೆ ಶೇರಿಂಗು? ಆದರೂ ಆ ಇಬ್ಬರು ಗೆಳೆಯರಾಗಿಬಿಟ್ಟರು. "ಈಗ ಅವ್ರಿಬ್ರೂ ಒಟ್ಟಿಗೇ ವಾಕಿಂಗ್ ಹೋಗ್ತಾರೆ ಅಕ್ಕ. ನನಗೆ ದೂರದಿಂದ ಕೈ ಮಾಡ್ತಾರೆ" ಎಂದರು ಮಾವ. ಅಮ್ಮ ನಗುತ್ತಿದ್ದವರು ನಗು ನಿಲ್ಲಿಸಿದರು.

"ನೀನು ಬರೀ ನಿನಗೆ ಬೇಕಾದಷ್ಟೇ ಇಡ್ಲಿ ಮಾಡ್ಬಾರ್ದಾ?" ಎಂದು ಇನ್ನೊಮ್ಮೆ ಕೇಳಿದ್ದರು.

"ಒಬ್ಬನಿಗೆ ಇಡ್ಲಿ ಮಾಡುದು ಹೇಗೆ ಅಕ್ಕ? ಅಕ್ಕಿ ನೆನೆ ಹಾಕ್ಲಿಕ್ಕೆ ಹೋದ್ರೆ ಕೈ ತನ್ನಿಂದ ತಾನೇ ಮೂರು ಸೇರು ಹಾಕ್ತದೆ."

ಈ ವರ್ಷ ಮಳೆ ನಿಲ್ಲುವ ಹೊತ್ತಿಗೆ ಅಮ್ಮ ಹೋದರು. ಎರಡು ದಿನದ ಜ್ವರ, ಅಷ್ಟೇ. ಹದಿಮೂರು ದಿನ ಮನೆ ತುಂಬ ಜನ. ಹದಿನಾಲ್ಕನೇ ದಿನ ನಾನು ಒಬ್ಬಳೇ. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ, ಅಮ್ಮ ಒಬ್ಬರಿದ್ದರು. ಒಂಟಿತನ ಗಿಂಟಿತನ ಎಂದು ದೊಡ್ಡ ಮಾತಾಡುವವರನ್ನು ಕಂಡರೆ ನನಗೆ ಮೊದಲಿಂದ ಆಗುವುದಿಲ್ಲ. ಆದರೆ ಎರಡು ಲೋಟ ಕಾಫಿ ಬೆರೆಸಿ, ಎರಡನೆಯದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಅಡಿಗೆಮನೆಯಲ್ಲಿ ನಿಂತಾಗ ಅಳು ಬಂತು, ಅತ್ತುಬಿಟ್ಟೆ.

ಆ ಶನಿವಾರವೇ ಮಾವನ ಸಂದೇಶ! "ನಾಳೆ ಆರೂವರೆ. ಖಾಡಿ ದಂಡೆ. ತಿಂಡಿ ಉಂಟು." ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಬುದ್ಧಿ ಇದೆಯಾ? ಅಕ್ಕ ಸತ್ತು ಹದಿನೈದು ದಿನ ಆಗಿಲ್ಲ, ಇಡ್ಲಿಯಂತೆ! ಆದರೂ ಬೆರಳು ರೂಢಿಯ ಮೇಲೆ ಹೆಬ್ಬೆಟ್ಟು ಒತ್ತಿತು. ಭಾನುವಾರ ಮಧ್ಯಾಹ್ನ ಎರಡು ಗಂಟೆಯಾಯಿತು. ಎರಡೂವರೆಯಾಯಿತು. ಮನೆಯಲ್ಲಿ ಯಾರೂ "ಯಾರಾದ್ರೂ ಬಂದಿದ್ರಾ?" ಎಂದು ಕೇಳಲಿಲ್ಲ. ಡೊಂಬಿವಲಿಯ ಆ ಕೋಣೆಯಲ್ಲಿ ಮಾವ ವರದಿಯನ್ನು ಬಾಯಲ್ಲಿಟ್ಟುಕೊಂಡು ಫೋನಿನ ಎದುರು ಕೂತಿರಬಹುದು ಎಂದು ನನಗೆ ಆಗ ಹೊಳೆಯಿತು. ಫೋನ್ ಎತ್ತಿಕೊಂಡೆ, ಮಾಡಲು ಧೈರ್ಯ ಬರಲಿಲ್ಲ.

ಮುಂದಿನ ಶನಿವಾರ ಮತ್ತೆ ಬಂತು. "ನಾಳೆ ಆರೂವರೆ. ಶಹಾಡ್, ನದಿ ದಂಡೆ. ಸಾಂಬಾರ್ ಓಕೆ. ತಿಂಡಿ ಉಂಟು." ಹದಿಮೂರು ಹೆಬ್ಬೆಟ್ಟು. ಹದಿಮೂರನೆಯದು ನನ್ನದೇ. ಭಾನುವಾರ ಐದು ಗಂಟೆಗೇ ಎಚ್ಚರವಾಯಿತು, ಮನೆಯಲ್ಲಿ ಕೂರಲಾಗಲಿಲ್ಲ. ಠಾಣೆಯಲ್ಲಿ ಲೋಕಲ್ ಹತ್ತಿದೆ. ಆ ಟ್ರೇನಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಯಾರಿಗೆ ಹೇಳಿಕೊಳ್ಳಲಿ?

ಶಹಾಡಿನಲ್ಲಿ ಆಟೋ ಇಳಿದು ನದಿಗೆ ನಡೆಯುವಾಗ ಏಳೂಕಾಲು. ಅಲ್ಲಿ ದಾರಿ ನೋಡಿ ನಿಂತುಬಿಟ್ಟೆ. ಬರೀ ಕಲ್ಲು ಎಂದು ಚಟ್ನಿಗೆ ಮಾತ್ರ ಪಾಸಾಗಿದ್ದ ದಾರಿ ಇದೇ ಅಲ್ಲವೇ? ಈಗ ಒಂದು ಕಲ್ಲೂ ಇರಲಿಲ್ಲ. ಎಲ್ಲ ಕಲ್ಲುಗಳನ್ನೂ ಎತ್ತಿ ಎರಡೂ ಬದಿಗೆ ಸಾಲಾಗಿ ಇಟ್ಟಿದ್ದರು. ಆ ಸಾಲು ತಿರುವಿನವರೆಗೂ ಹೋಗಿತ್ತು.

ತಿರುವಿನ ಆಚೆ ಮಾವ. ಬಂಡೆಯ ಮೇಲೆ ಹದಿಮೂರು ಕಾಗದದ ಪ್ಲೇಟು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ಮಾವ ಒಂದೊಂದೇ ಪ್ಲೇಟು ತೆಗೆದು ಚೀಲಕ್ಕೆ ಹಾಕುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು. ಮೊದಲು ನನ್ನ ಬೆನ್ನ ಹಿಂದೆ ನೋಡಿದರು.

"ಮತ್ತೆ ಯಾರೆಲ್ಲ ಬಂದ್ರು?"

"ಯಾರಿಲ್ಲ ಮಾವ. ನಾನೊಬ್ಳೇ."

"ಒಬ್ಳು ಬಂದ್ಯಾ!" ಎಂದರು. ದಿಬ್ಬಣ ಬಂದಿಳಿದಷ್ಟು ಸಂಭ್ರಮ ಆ ದನಿಯಲ್ಲಿತ್ತು. ಚೀಲಕ್ಕೆ ಹಾಕಿದ್ದ ಪ್ಲೇಟನ್ನು ಮತ್ತೆ ತೆಗೆದು ಬಡಿಸಿದರು. ಇಡ್ಲಿ ಇನ್ನೂ ಬೆಚ್ಚಗಿತ್ತು. ನಾನು ಕೇಳಿಯೇಬಿಟ್ಟೆ: "ಯಾರೂ ಬರುದಿಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ ಮಾವ? ಬರೀ ಹೆಬ್ಬೆಟ್ಟು ಒತ್ತುದು ಅಂತ?"

"ಗೊತ್ತಿಲ್ದೆ ಎಂತ? ನಾನೇನು ಮಗುವಾ?" ಎಂದರು. "ಆದ್ರೆ ಒಂದು ದಿನ ಯಾರಾದ್ರೂ ನಿಜವಾಗಿ ಬಂದ್ರೆ? ಬಂದವರಿಗೆ ಇಡ್ಲಿ ಮುಗೀತು ಅಂತ ಹೇಳ್ಳಿಕ್ಕೆ ಆಗ್ತದಾ ಮಾರಾಯ್ತಿ?"

ಮಾತು ಬದಲಿಸಲು, "ಈ ಕಲ್ಲೆಲ್ಲ ಯಾರು ಎತ್ತಿದ್ದು?" ಎಂದೆ.

"ನಾನೇ. ಮಳೆಗೆ ಮೊದ್ಲೇ ಶುರು ಮಾಡಿದ್ದು, ದಿನಾ ಸ್ವಲ್ಪ ಸ್ವಲ್ಪ. ಅಕ್ಕನಿಗೆ ಮೊಣಗಂಟಲ್ವಾ, ಕುಲುಕಬಾರದು. ಒಂದು ಸಲ ಕ್ಯಾರಿಯರಿನಲ್ಲಿ ಕೂರಿಸಿ ಹೊಳೆ ತೋರಿಸುವ ಅಂತ ಇತ್ತು." ಉಳಿದ ಪ್ಲೇಟುಗಳ ಮೇಲಿನ ಕಲ್ಲು ತೆಗೆಯುತ್ತ ಹೇಳಿದರು: "ದಾರಿ ಮೊನ್ನೆ ಮುಗೀತು."

ಐವತ್ತು ಕಿಲೋ! ಅಮ್ಮನ ತೂಕ ನಲವತ್ತೆಂಟಿತ್ತು. ನಾವೆಲ್ಲ ಎಷ್ಟು ನಕ್ಕಿದ್ದೆವು.

ನಾನು ತಟ್ಟೆ ಖಾಲಿ ಮಾಡಿ, ಮತ್ತೆ ಹಾಕಿಸಿಕೊಂಡು ತಿಂದೆ. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರಿನ ಮೇಲೆ ಕೂತೆ. "ಹೋಗುವ ಮಾವ. ನಾನು ಅರವತ್ತೆರಡು ಕಿಲೋ ಇದ್ದೇನೆ, ನೋಡಿ ಮತ್ತೆ."

"ದಪ್ಪ ಟೈರು, ಹೆದರ್ಬೇಡ" ಎಂದು ಸಾಂಬಾರಿನ ಡಬ್ಬಿಯನ್ನು ನನ್ನ ಮಡಿಲಿಗೆ ಕೊಟ್ಟರು. ಎರಡು ವರ್ಷಗಳಲ್ಲಿ ಮೊದಲ ಸಲ ಗೇರು ಬದಲಿಸಿದರು. ತಿರುವಿನವರೆಗೆ ಹೋದೆವು, ತಿರುಗಿ ಬಂದೆವು. ಒಂದು ಹನಿಯೂ ಚೆಲ್ಲಲಿಲ್ಲ.

ಮನೆಗೆ ಬಂದು ಊಟ ಮುಗಿಸಿ, ಸರಿಯಾಗಿ ಎರಡು ಗಂಟೆಗೆ ಅಮ್ಮನ ಫೋನಿನಿಂದಲೇ ಮಾವನಿಗೆ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು.

"ಇವತ್ತು ಯಾರಾದ್ರೂ ಬಂದಿದ್ರಾ?" ಎಂದು ಕೇಳಿದೆ.

ಆ ಕಡೆ ಮಾವ ಗಂಟಲು ಸರಿಮಾಡಿಕೊಂಡರು. "ಬಂದಿದ್ಳು," ಎಂದರು, "ಅಕ್ಕನ ಮಗಳು. ಏಳೂಕಾಲಿಗೆ ಬಂದ್ಳು, ಲೇಟು. ಎರಡಿಡ್ಲಿ ಅಂತ ಕೂತವಳು ಐದು ತಿಂದ್ಳು..."

ನಾನು ಸ್ಪೀಕರ್ ಹಾಕಿ, ಕಾಲು ಚಾಚಿ ಕೂತು, ಕೊನೆಯವರೆಗೂ ಕೇಳಿದೆ.