‘ಮತ್ತೇನು?’ ಎಂದು ಕೇಳಿ ಗಳಿಸಿದ್ದು

ಇನ್ನು ಮುಂದೆ ಈ ಮನೆಯಲ್ಲಿ ಒಂದೇ ಒಂದು ಮಾತೂ ವ್ಯರ್ಥವಾಗಕೂಡದು!

ಹೀಗೆಂದು ನಾನು ಶಪಥ ಮಾಡಿದ್ದು ಗಡ್ಡಕ್ಕೆ ಸೋಪು ಹಚ್ಚಿಕೊಂಡು, ಕನ್ನಡಿಯ ಮುಂದೆ ನಿಂತು. ಮಾನ್ವಿಯ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಮಗಳು ಕಾವ್ಯಾಳಿಗೆ ದೇವದುರ್ಗದ ಶಿವರಾಜನ ಜೊತೆ ಮದುವೆ ನಿಶ್ಚಯವಾಗಿತ್ತು. ಹುಡುಗಿ ಅವನನ್ನು ಎಷ್ಟು ಮೆಚ್ಚಿದ್ದಳೆಂದರೆ, ಫೋನು ಹಿಡಿದು ಮಾಳಿಗೆ ಹತ್ತಿದರೆ ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. ಆ ಮದುವೆಗೆ ನನ್ನದೊಂದು ಭಾರೀ ಕಾಣಿಕೆ ಇರಲೆಂಬುದು ನನ್ನ ಹಟ.

“ಪೆಂಡಾಲ್ ನನ್ನದು! ರಾಯಚೂರಿಂದ ತರಸ್ತೀನಿ, ಝೂಮರ್ ದೀಪ ಹಚ್ಚಿದ್ದು!” ಎಂದು ಘೋಷಿಸಿದೆ.

“ರೊಕ್ಕ ಎಲ್ಲಿಂದ ತರ್ತೀರಿ?” ಎಂದಳು ಹೆಂಡತಿ ಸೂಗಮ್ಮ.

“ಬಾಯಿಂದ!”

“ನೀವು ಬಾಯಿಲೆ ಅರಮನಿ ಕಟ್ಟೋದು ಮದುವ್ಯಾದಾಗಿಂದ ನೋಡಾಕತ್ತೀನ್ರಿ. ಪೆಂಡಾಲ್ ಏನು ಮಹಾ!”

ನನ್ನ ಧೈರ್ಯಕ್ಕೆ ಕಾರಣ ಮಿಲ್ಲಿನಲ್ಲಿ ಲಾರಿ ತೂಕ ಹಾಕುವ ಮತೀನ್. ಅವನು ಬಿಡುವಿನಲ್ಲಿ ಮೊಬೈಲಿನ ಒಂದು ಆ್ಯಪಿನಲ್ಲಿ ಚಿತ್ರ ನೋಡಿ ಇದು ಬೆಕ್ಕು, ಇದು ನಾಯಿ ಎಂದು ಒತ್ತುತ್ತ ಪುಡಿಗಾಸು ಸಂಪಾದಿಸುತ್ತಿದ್ದ. “ಮಾತಾಡಿದ್ರ ಇನ್ನೂ ಜಾಸ್ತಿ ಕೊಡ್ತಾರ್ರೀ,” ಎಂದ. “ಯಂತ್ರಕ್ಕ ನಮ್ಮ ರಾಯಚೂರು ಕಡಿ ಭಾಷಾ ಕಲಸಾಕತ್ಯಾರಂತ. ನಮ್ಮಂಗ ಮಾತಾಡೋರು ಸಿಗವಲ್ರಂತ ಅವರಿಗೆ.”

ನನ್ನಂಥ ವಾಗ್ಮಿ ಇಲ್ಲೇ ಇದ್ದಾನಲ್ಲ! ಅಂದೇ ಆ ಆ್ಯಪನ್ನು ಇಳಿಸಿಕೊಂಡೆ. ಗಂಟಲು ಸರಿಪಡಿಸಿಕೊಂಡು ನೆಲ, ಜಲ, ಭತ್ತ, ಸಂಸ್ಕೃತಿ ಎಂದು ಒಂದು ಅಮೋಘ ಭಾಷಣ ಬಿಗಿದು ಕಳಿಸಿದೆ. ಉತ್ತರ ಬಂತು: “ಸಹಜವಾಗಿಲ್ಲ. ತಿರಸ್ಕರಿಸಲಾಗಿದೆ.” ಮನೆಯವರು ಮನೆಯವರೊಡನೆ ಆಡುವ ಮಾತು ಬೇಕಂತೆ.

ಮನೆಯ ಮಾತೇ? ಅದರ ಗಣಿಯನ್ನೇ ನಾನು ಮದುವೆಯಾಗಿದ್ದೆ! ಮೊಬೈಲನ್ನು ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿಯ ಹಿಂದೆ ಅಡಗಿಸಿಟ್ಟೆ. “ಮಾತಾಡುವ ಎಲ್ಲರ ಒಪ್ಪಿಗೆ ಇದೆಯೆ?” ಎಂದು ಆ್ಯಪು ಕೇಳಿತು. ಮನೆಯ ಯಜಮಾನ ನಾನೇ ಒಪ್ಪಿರುವಾಗ ಇನ್ನಾರನ್ನು ಕೇಳುವುದು? ‘ಹೌದು’ ಎಂದು ಒತ್ತಿದೆ.

ಅದೂ ವಾಪಸು ಬಂತು. “ಹಿನ್ನೆಲೆಯಲ್ಲಿ ನಿರಂತರ ಚಪ್ಪಾಳೆ ಇದೆ. ಸಭೆ, ಸಮಾರಂಭಗಳ ಧ್ವನಿ ಬೇಡ.” ನಾನು ತಬ್ಬಿಬ್ಬಾದೆ. ನಮ್ಮ ಮನೆಯಲ್ಲಿ ಯಾರು ಯಾರಿಗೆ ಚಪ್ಪಾಳೆ ತಟ್ಟುತ್ತಾರೆ? ಮತ್ತೆ ಹಾಕಿ ಕೇಳಿದಾಗ ಹೊಳೆಯಿತು. ಸೂಗಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು!

ಹಾಗಾಗಿ ರೊಟ್ಟಿ ಮುಗಿಯುವತನಕ ಕಾದು, ಆಮೇಲೆ ಹೋಗಿ ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂರತೊಡಗಿದೆ. ಅಡುಗೆಮನೆಯಲ್ಲಿ ನಾನು ಹಾಗೆ ಕೂತದ್ದು ಅದೇ ಮೊದಲು. “ಮತ್ತೇನು?” ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದಳು. ನಿಂತರೆ ಮತ್ತೆ “ಮತ್ತೇನು?” ಎನ್ನುತ್ತಿದ್ದೆ. ಗುಂಜಹಳ್ಳಿಯ ತವರುಮನೆ, ಸತ್ತುಹೋದ ಅವಳ ಎಮ್ಮೆ, ಮೊಣಕಾಲು ನೋವು, ನನಗೆ ಗೊತ್ತೇ ಇರದ ಅವಳ ಎಷ್ಟೋ ಸಿಟ್ಟುಗಳು ಹೊರಗೆ ಬಂದವು. ಕೇಳದೆಯೇ ನನಗೆ ಚಹಾ ಸಿಗತೊಡಗಿತು, ಅದೂ ಏಲಕ್ಕಿ ಹಾಕಿದ್ದು!

“ನಿಮಗೇನೋ ಆಗ್ಯದ ಬಿಡ್ರಿ,” ಎಂದಳು ಒಂದು ದಿನ.

“ಏನಾಗ್ಯದ?”

“ಮನುಷ್ಯಾ ಆಗೀರಿ.”

ಆ ಮಾತಿಗೂ ದುಡ್ಡು ಬಂತು. ನನ್ನ ಖುಷಿಗೆ ಪಾರವಿರಲಿಲ್ಲ.

ಆಮೇಲೆ ಬಂದದ್ದು ಉಡಿ ಅಕ್ಕಿಯ ಮಾತು. ನಿಶ್ಚಯದ ದಿನ ದೇವದುರ್ಗದ ಬೀಗತಿ, ಅಂದರೆ ಶಿವರಾಜನ ತಾಯಿ, ಕಾವ್ಯಾಳ ಉಡಿ ತುಂಬಿದ್ದರು. ಆ ಅಕ್ಕಿಯಿಂದ ಸೂಗಮ್ಮ ಅನ್ನ ಮಾಡಿದ್ದಳು. ಭತ್ತದ ಸೀಮೆಯ ಹೆಂಗಸು ಅಕ್ಕಿಯ ವಿಷಯದಲ್ಲಿ ಯಾರನ್ನೂ ಕ್ಷಮಿಸುವುದಿಲ್ಲ.

“ಉಡ್ಯಾಗ ರೇಷನ್ ಅಕ್ಕಿ ಸುರುವ್ಯಾರ್ರೀ! ನಾ ಕೈಯಾಗ ಹಿಡದ್ರ ಗೊತ್ತಾಗಂಗಿಲ್ಲೇನು? ಸರಕಾರ ಪುಕ್ಕಟ ಕೊಟ್ಟ ಅಕ್ಕೀಲೆ ನನ್ನ ಮಗಳ್ನ ಒಯ್ಯಾಕ ಬಂದಾಳ ಆ ಜಿಪುಣಿ!”

“ಹೂಂ, ಮತ್ತೇನು?” ಎಂದೆ ನಾನು, ಪರಮ ಪಾಪಿ!

ಅವಳು ಇನ್ನೂ ಬಹಳ ಹೇಳಿದಳು. ಬೀಗತಿಯ ನಡಿಗೆಯನ್ನು ಅಣಕಿಸಿದಳು, ಅವರ ಸೀರೆಯನ್ನು ಆಡಿಕೊಂಡಳು, ನಗುನಗುತ್ತ ಕಣ್ಣೊರೆಸಿಕೊಂಡಳು. ಮನೆಯೊಳಗೆ, ಗಂಡನ ಮುಂದೆ, ಮನಸ್ಸು ಹಗುರಾಗಲೆಂದು ಆಡಿದ ಮಾತು. ನಾನು ಎಲ್ಲವನ್ನೂ ಕಳಿಸಿದೆ. ಅದು ಸಮುದ್ರ ದಾಟಿ ಯಾವುದೋ ಯಂತ್ರದ ಕಿವಿಗೆ ಹೋಗುತ್ತದೆಂದು ನಾನು ನಂಬಿದ್ದೆ. ಹೋದದ್ದು ದೇವದುರ್ಗಕ್ಕೆ. ಕೆಂಪು ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರ!

ಭಾನುವಾರ ಬೀಗತಿಯ ಫೋನು ಬಂತು. ಸೂಗಮ್ಮನ ಕೈ ಹಿಟ್ಟಾಗಿತ್ತೆಂದು ನಾನೇ ಸ್ಪೀಕರಿಗೆ ಹಾಕಿದೆ.

“ಸೂಗಮ್ಮಾರ, ನಮ್ಮ ಮಗಳು ಸ್ವಪ್ನಾ ಮೊಬೈಲಿನ್ಯಾಗ ಒಂದು ಕೆಲಸ ಮಾಡ್ತಾಳ್ರಿ. ಯಾರೋ ಮಾತಾಡಿದ್ದು ಕೇಳಿ ಟೈಪ್ ಮಾಡೋದು. ನಮ್ಮ ಕಡಿ ಭಾಷಾ ತಿಳಿಯೋರು ಬ್ಯಾರೆ ಯಾರೂ ಇಲ್ಲಂತ ಎಲ್ಲಾ ಇಕಿಗೇ ಕಳಸ್ತಾರ. ನಿನ್ನೆ ನಿಮ್ಮ ಮಾತು ಬಂತ್ರಿ.”

“ನನ್ನ ಮಾತೇನ್ರೀ?”

“ಜಿಪುಣಿ ಅಂದದ್ದೂ ಬಂತು, ನನ್ನ ನಡಗಿ ಆಡಿಕೊಂಡದ್ದೂ ಬಂತು. ನಿಮ್ಮ ಯಜಮಾನ್ರು ನಡುನಡುವ ಮತ್ತೇನು ಮತ್ತೇನು ಅನ್ನೋದ್ರಾಗ ಗುರುತು ಹತ್ತಿತ್ರಿ ಸ್ವಪ್ನಾಗ.”

ಸೂಗಮ್ಮ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ.

“ಇನ್ನ ಅಕ್ಕಿ ಮಾತು,” ಎಂದರು ಬೀಗತಿ. “ಬೀಗರಾಗೋರ ಮಿಲ್ಲಿನ ಅಕ್ಕೀನ ಇರ್ಲಿ ಅಂತ ನಿಮ್ಮ ಯಜಮಾನ್ರ ಕೈಲೇ ಚೀಲ ತರಸಿದ್ವಿ. ಸೋನಾ ಮಸೂರಿ ರೊಕ್ಕಾನೇ ಕೊಟ್ಟೀವಿ. ಒಳಗ ಏನಿತ್ತು ಅಂತ ಅವರನ್ನೇ ಕೇಳ್ರಿ. ಆ ಮಾತಿನ್ಯಾಗ ನಿಮಗೂ ರೊಕ್ಕ ಬಂತು, ಟೈಪ್ ಮಾಡಿದ್ದಕ್ಕ ನಮಗೂ ಬಂತು. ಇಲ್ಲಿಗೆ ಋಣ ಮುಗೀತ್ರಿ.”

ನಮ್ಮ ಮಿಲ್ಲಿನ ಸೋನಾ ಮಸೂರಿ ಚೀಲಗಳಲ್ಲಿ ಒಮ್ಮೊಮ್ಮೆ ಏನಿರುತ್ತದೆಂದು ನನಗೆ ಗೊತ್ತು. ಬೀಗರಿಗೆ ಕಳಿಸುವಾಗ ಬಿಚ್ಚಿ ನೋಡಿರಲಿಲ್ಲ, ಅಷ್ಟೆ. ಆಮೇಲೆ ಮತ್ತೆ ಮತ್ತೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಕಾವ್ಯಾಳ ಫೋನನ್ನು ಶಿವರಾಜನೂ ಎತ್ತಲಿಲ್ಲ.

ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಕೇಳಿದಳು: “ಎಷ್ಟು ಬಂತು, ಯಪ್ಪಾ?”

“ಎಲ್ಲಾ ಸೇರಿ ನೂರಾ ಎಂಬತ್ತು.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದು ಮೇಲೆ ಹೋದಳು.

ಸೂಗಮ್ಮ ಮಾತ್ರ ಒಂದೇ ಮಾತು ಆಡಿದಳು. “ಮುದುಕ್ಯಾಗೋ ಹೊತ್ತಿಗಾದ್ರೂ ಗಂಡ ನನ್ನ ಮಾತು ಕೇಳಾಕ ಕುಂತಾನ ಅಂತ ಓಣಿ ತುಂಬ ಹೇಳ್ಕೊಂಡು ಬಂದಿದ್ನಿರಿ.”

ಈಗ ನಮ್ಮ ಮನೆಯಲ್ಲಿ ಒಂದು ಮಾತೂ ವ್ಯರ್ಥವಾಗುವುದಿಲ್ಲ. ಹೊಸ್ತಿಲ ಬಳಿ ನನ್ನ ಚಪ್ಪಲಿಯ ಸದ್ದಾದರೆ ಸಾಕು, ತಾಯಿ ಮಗಳು ಗಪ್ಪಾಗುತ್ತಾರೆ. ನಿನ್ನೆ ಆ್ಯಪು ಸಂದೇಶ ಕಳಿಸಿತ್ತು: “ನಿಮ್ಮ ಮನೆಯ ಸಂಭಾಷಣೆ ಅತ್ಯಂತ ಸಹಜವಾಗಿದೆ. ಇನ್ನಷ್ಟು ಕಳಿಸಿ.” ನಾನು ಆ್ಯಪನ್ನೇ ಅಳಿಸಿಹಾಕಿದೆ. ಮೊಬೈಲನ್ನು ಅಂಗಳದ ಕಟ್ಟೆಯ ಮೇಲಿಟ್ಟು, ಖಾಲಿ ಕೈಯಲ್ಲಿ ಅಡುಗೆಮನೆಗೆ ಹೋಗಿ ಅವಳ ಎದುರು ಕೂತೆ.

“ಮತ್ತೇನು, ಸೂಗಮ್ಮಾ?” ಎಂದೆ. ಈ ಸಲ ನಿಜವಾಗಿಯೂ ಕೇಳಬೇಕೆನಿಸಿತ್ತು.

ಅವಳು ನನ್ನ ಅಂಗಿಯ ಜೇಬು ನೋಡಿದಳು. ರೊಟ್ಟಿ ಬುಟ್ಟಿಯನ್ನು ಸರಿಸಿ ಅದರ ಹಿಂದೆಯೂ ನೋಡಿದಳು. ಆಮೇಲೆ ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಪಟ್ ಪಟ್ ಪಟ್!

ಆ್ಯಪು ಹೇಳಿದ್ದು ಸುಳ್ಳಲ್ಲ, ಕೇಳಲು ಅದು ಥೇಟ್ ಚಪ್ಪಾಳೆಯೇ. ನನ್ನ ಸಾಧನೆಗೆ ಸಲ್ಲಬೇಕಾದದ್ದು. ರೊಟ್ಟಿ ಮುಗಿಯುವತನಕ ತಲೆ ತಗ್ಗಿಸಿ ಸ್ವೀಕರಿಸಿದೆ.