ತಂಗಿ ಕೊಟ್ಟ ಹಾಲು

ಓದು ಕಡಿಮೆಯಾದವನಿಗೆ ನಂಬಿಕೆ ಜಾಸ್ತಿ ಎಂದು ಕಾಣುತ್ತದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಣ್ಣಿಗೆ ಕಂಡದ್ದನ್ನೆಲ್ಲ ನಂಬುತ್ತೇನೆ. ಟೀವಿಯಲ್ಲಿ ಕಂಡರಂತೂ ಕೇಳುವುದೇ ಬೇಡ. ಈ ಗುಣದಿಂದ ಒಡಹುಟ್ಟಿದವಳಿಗೇ ಒಂದು ಅನ್ಯಾಯ ಮಾಡಿದೆ. ಇವತ್ತು ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ನನ್ನ ತಂಗಿ ಗೌರಿ ಧಾರಾವಾಹಿ ನಟಿ. ನಮ್ಮೂರು ಕೈಲಾಂಚದ ಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತ, ನೆರೆಯವರ ನಡಿಗೆ ಅಣಕಿಸಿ ನಗಿಸುತ್ತಿದ್ದವಳು. ಮೊದಲ ಎರಡು ವರ್ಷ ನರ್ಸ್ ಆಗಿ ಬಂದು, "ಡಾಕ್ಟರ್ ಕರೀತಿದ್ದಾರೆ" ಎಂದಷ್ಟೇ ಹೇಳಿ ಹೋಗುತ್ತಿದ್ದಳು. ಅಷ್ಟಕ್ಕೇ ನಾವು ಹುಳದ ಮನೆ ಬಾಗಿಲು ಹಾಕಿ ಬಂದು ಟೀವಿ ಮುಂದೆ ಕೂರುತ್ತಿದ್ದೆವು. ಆಮೇಲೆ ಅತ್ತೆಯನ್ನು ಗೋಳು ಹೊಯ್ದುಕೊಳ್ಳುವ ಸೊಸೆಯ ಪಾತ್ರ ಸಿಕ್ಕಿತು. ನಾಲ್ಕು ವರ್ಷದಿಂದ ಹೊಯ್ದುಕೊಳ್ಳುತ್ತಲೇ ಇದ್ದಾಳೆ. ನಿಜದಲ್ಲಿ ಅವಳಿಗೆ ಅತ್ತೆಯೇ ಇಲ್ಲ, ಮದುವೆಯೂ ಆಗಿಲ್ಲ. ಆದರೂ ನಾನು ಡೈರಿಗೆ ಹಾಲು ಹಾಕಲು ಹೋದರೆ, "ಏನ್ಲಾ, ನಿನ್ ತಂಗಿ ನೆನ್ನೆ ಅತ್ತೆಗೆ ಉಣ್ಣಾಕೇ ಇಕ್ಕಲಿಲ್ವಲ್ಲಾ?" ಎಂದು ತಡೆದು ಕೇಳುತ್ತಿದ್ದರು. ಒಮ್ಮೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುವ ಅಜ್ಜಿ ಅವಳ ಮುಖ ನೋಡಿದ್ದೇ ಬುಟ್ಟಿ ಮುಚ್ಚಿ, "ಹೋಗವ್ವಾ, ನಿಂಗೆ ಕೊಡಾಕಿಲ್ಲ" ಎಂದಳು. ಗೌರಿ ಮನೆ ಸೇರುವವರೆಗೂ ಅದನ್ನೇ ಹೇಳಿಕೊಂಡು ನಕ್ಕಳು. ನಾನೂ ನಕ್ಕೆ. ಒಳಗೊಳಗೇ ಮಾತ್ರ, ಅಜ್ಜಿಯದೇನು ತಪ್ಪು ಅನ್ನಿಸಿತು.

ಹೋದ ಸಲ ಹುಳದ ಬೆಳೆ ಇಟ್ಟಿದ್ದಾಗ ಅವ್ವನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬೆಂಗಳೂರಿನ ತನ್ನ ಮನೆಯಲ್ಲೇ ನೋಡಿಕೊಳ್ಳುತ್ತೇನೆಂದು ಗೌರಿ ಹಟ ಹಿಡಿದಳು; ಅದಕ್ಕಾಗಿ ಮುಂದಿನ ಕಂತುಗಳ ಶೂಟಿಂಗನ್ನೂ ಮೊದಲೇ ಮುಗಿಸಿಕೊಟ್ಟಿದ್ದಳು. ನನ್ನ ಹುಳಗಳೋ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಹೊತ್ತುಹೊತ್ತಿಗೂ ಸೊಪ್ಪು ಬೇಕು, ಬಿಟ್ಟು ಕದಲುವಂತಿಲ್ಲ. ಹಾಗಾಗಿ ನನ್ನ ಬದಲು ಒಂದು ಗಂಟು ಕಳಿಸಿದೆ: ರಾಗಿಹಿಟ್ಟು, ಚಟ್ನಿಪುಡಿ, ಎರಡು ಪೊಟ್ಟಣ ಬನ್ನು. ಹಿಂದಿನ ಸಂಜೆಯಷ್ಟೇ ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಹಾಲಿಗೆ ಏನೋ ಬೆರೆಸಿದ್ದಳು. ಗೌರಿಯ ಕಾರು ಹತ್ತಿಸುವಾಗ ಅವ್ವನ ಕಿವಿಯಲ್ಲಿ, "ಹಾಲು ಕೊಟ್ರೆ ಮೊದ್ಲು ಅವ್ಳೇ ಒಂದ್ ಗುಟುಕು ಕುಡೀಲಿ" ಎಂದೆ.

ಅವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆಪರೇಷನ್ ಆದ ದಿನ ಗೌರಿ ಲೋಟ ಹಿಡಿದು ಬಂದಾಗ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವ್ವ, "ನೀನು ಒಸಿ ಕುಡುದು ಕೊಡವ್ವ, ನಿಮ್ಮಣ್ಣ ಹೇಳವ್ನೆ" ಅಂದುಬಿಟ್ಟಳಂತೆ.

ಮೂರು ದಿನ ಗೌರಿ ನನ್ನ ಫೋನ್ ಎತ್ತಲಿಲ್ಲ. ಚಿಕ್ಕವಳಿದ್ದಾಗ ತನ್ನ ತಟ್ಟೆಯ ಮುದ್ದೆ ಮುರಿದು ನನಗೆ ಹಾಕುತ್ತಿದ್ದವಳು ಅವಳು. ಹುಳದ ಮನೆಯಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದೆ. ನಾಲ್ಕನೇ ದಿನ ಅವಳೇ ಫೋನ್ ಮಾಡಿದಳು.

"ಅಣ್ಣಾ, ಅಳೋ ಸೀನಿಗೆ ನಾನು ಗ್ಲಿಸರಿನ್ ಹಾಕ್ಕೋತೀನಿ. ಅವತ್ತು ಬೇಕಾಗ್ಲಿಲ್ಲ."

"ತಪ್ಪಾಯ್ತು ಕಣವ್ವ."

ಆಮೇಲೆ ಮೆಲ್ಲಗೆ ಕೇಳಿದಳು: "ಆ ಹಾಲಿನ ಸೀನು ಅಷ್ಟು ಚೆನ್ನಾಗಿ ಮಾಡಿದ್ನಾ?"

"ನಂಗೆ ಅವತ್ತು ಮುದ್ದೆ ಗಂಟ್ಲಲ್ಲಿ ಇಳೀಲಿಲ್ಲ."

ಅವಳು ನಕ್ಕಳು. ನನಗೆ ಉಸಿರು ಬಂತು.

ಹುಳವೆಲ್ಲ ಗೂಡು ಕಟ್ಟಿದವು, ಗೂಡು ಮಾರುಕಟ್ಟೆಗೂ ಹೋಯಿತು. ಅವ್ವ ಇನ್ನೂ ಅಲ್ಲೇ ಇದ್ದಾಳೆ, ಕೆನ್ನೆ ತುಂಬಿಕೊಂಡಿವೆಯಂತೆ. ನಾನು ಕಳಿಸಿದ ರಾಗಿಹಿಟ್ಟಿನಲ್ಲೇ ಗೌರಿ ಮುದ್ದೆ ತಿರುವಿ ಹಾಕಿದಳಂತೆ. ನನಗೂ ಬುದ್ಧಿ ಬಂದಿದೆ. ಆದರೆ ನೆನ್ನೆ ಸಂಜೆಯ ಕಂತಿನಲ್ಲಿ ಸೊಸೆ ಅತ್ತೆಯ ಕನ್ನಡಕ ಬಚ್ಚಿಟ್ಟಳು. ನಾನು ಮೆಲ್ಲಗೆ ಎದ್ದು ಜಗಲಿಗೆ ಹೋಗಿ ಫೋನ್ ಮಾಡಿದೆ.

"ಅವ್ವಾ, ಹೊಸ ಕನ್ನಡಕ ಐತಾ?"

"ಮೂಗಿನ್ ಮ್ಯಾಲೇ ಐತೆ ಕಣ್ಲಾ. ನೀನು ಫೋನ್ ಮಾಡೇ ಮಾಡ್ತೀಯ ಅಂತ, ನಿನ್ ತಂಗಿ ಆವಾಗ್ಲಿಂದ ಇಲ್ಲೇ ಕಾಯ್ತಾ ಕುಂತವ್ಳೆ."