ಕೆಟ್ಟದಾಗಿ ಆಡಬೇಕಿದ್ದ ನಾಟಕ

ರಾಕ್ಷಸನ ಪಾತ್ರ ಮಾಡುವವನಿಗೆ ಬುದ್ಧಿಯೂ ಇರುತ್ತದೆ ಎಂದು ಲೋಕಕ್ಕೆ ತೋರಿಸಿಕೊಡುವ ಅವಕಾಶ ನನಗೆ ದೊಡ್ಡಬಳ್ಳಾಪುರದಲ್ಲಿ ಸಿಕ್ಕಿತು. ಯುದ್ಧದ ಕಾಲ. ನಾಟಕದ ದೀಪಕ್ಕೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಬರುವ ಜನವೂ ಟೆಂಟಿನ ಟಾಕಿ ಸಿನಿಮಾಕ್ಕೆ ಹೋಗುತ್ತಿದ್ದರು. ಹೀಗಿರುವಾಗ ನಮ್ಮ ನಾಟಕ ಕಂಪನಿಯ ಯಜಮಾನರೂ ದೇವನಹಳ್ಳಿಯಲ್ಲಿ ಬಿಡಾರ ಹೂಡಿದ್ದ ಇನ್ನೊಂದು ಕಂಪನಿಯ ಯಜಮಾನರೂ ಮಾತಾಡಿಕೊಂಡರು. ಎರಡನ್ನೂ ಸೇರಿಸಿ ಒಂದೇ ದೊಡ್ಡ ಕಂಪನಿ ಮಾಡುವುದು, ಮುಂದೆ ಟಾಕಿಯನ್ನೂ ತೆಗೆಯುವುದು.

ಯಜಮಾನರಿಗೇನೋ ಸರಿ. ಆದರೆ ಒಂದು ನಾಟಕಕ್ಕೆ ಒಬ್ಬನೇ ರಾಜ, ಒಬ್ಬಳೇ ರಾಣಿ, ಒಬ್ಬನೇ ರಾಕ್ಷಸ. ಮಿಕ್ಕವರು ಮನೆಗೆ. ಎಲ್ಲರಿಗಿಂತ ಹೆಚ್ಚು ಹೆದರಿದ್ದವನು ನಂಜಪ್ಪಣ್ಣ. ಮೀಸೆ ಮೂಡುವ ಮೊದಲಿನಿಂದ ಸ್ತ್ರೀಪಾತ್ರ ಮಾಡುತ್ತಾ ತಲೆ ನರೆತಿದ್ದ ನಮ್ಮ ರಾಣಿ ಅವನು. ಆ ಕಂಪನಿಯಲ್ಲೋ, ರಾಣಿಯ ಪಾತ್ರವನ್ನು ನಿಜವಾದ ಹೆಂಗಸೇ ಮಾಡುತ್ತಿದ್ದಳು.

ಎರಡೂ ಕಂಪನಿಯ ಕಲಾವಿದರು ನಾವೆಲ್ಲ ಸಭೆ ಸೇರಿ, ಇದನ್ನು ಬಹಿರಂಗವಾಗಿ ವಿರೋಧಿಸತಕ್ಕದ್ದೆಂದು ನಿರ್ಣಯಿಸಿದೆವು. ಹೇಗೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ಎಡವಟ್ಟು ಶುರುವಾದದ್ದೇ ಅಲ್ಲಿ.

ಸಂತೆಯ ದಿನ ಮಧ್ಯಾಹ್ನ ಎರಡು ಕಂಪನಿಯವರೂ ಸೇರಿ ಬಿಟ್ಟಿಯಾಗಿ ಒಂದು ನಾಟಕ ಆಡುವುದು. ಬೇಕೆಂದೇ ಕೆಟ್ಟದಾಗಿ ಆಡುವುದು. ಮಾತು ಮರೆಯುವುದು, ಒಬ್ಬರ ಮೇಲೊಬ್ಬರು ಬೀಳುವುದು. ಜನ ಛೀ ಎನ್ನುತ್ತಾರೆ, ಯಜಮಾನರು ಹೆದರಿ ಕೈಬಿಡುತ್ತಾರೆ. ರಾಣಿಯ ಪಾತ್ರ ಮೊದಲರ್ಧ ನಂಜಪ್ಪಣ್ಣನಿಗೆ, ಉಳಿದರ್ಧ ಆ ಕಂಪನಿಯ ಹೆಂಗಸಿಗೆ. ಎಲ್ಲರೂ ಬಣ್ಣದ ಪೆಟ್ಟಿಗೆ ಮುಟ್ಟಿ ಮಾತು ಕೊಟ್ಟರು.

ನನ್ನ ಹೆಂಡತಿ ಪುಟ್ಟಮ್ಮ ಮಾತ್ರ ಅನುಮಾನಪಟ್ಟಳು. “ಜನದ ಮುಂದೆ ಕೆಟ್ಟದಾಗಿ ಆಡಾಕೆ ನಿಮ್ ಕೈಲಿ ಆಯ್ತದಾ?” ಎಂದಳು. ಅದಕ್ಕಿಂತ ಸುಲಭದ ಕೆಲಸ ಯಾವುದಿದೆ ಎಂದು ನಾನು ನಕ್ಕೆ.

ಆ ದಿನ ಮಗ್ಗ ನಿಲ್ಲಿಸಿ ನೇಕಾರರೆಲ್ಲ ಬಂದಿದ್ದರು. ಯಜಮಾನರಿಬ್ಬರೂ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ನಾನು ಪರದೆಯ ಮುಂದೆ ನಿಂತು, ಕಂಪನಿಗಳು ಒಂದಾಗುವುದನ್ನು ಕಲಾವಿದರಾದ ನಾವು ಉಗ್ರವಾಗಿ ವಿರೋಧಿಸುತ್ತೇವೆಂದೂ, ಒಂದಾದರೆ ನಾಟಕ ಹೇಗೆ ಹಾಳಾಗುವುದೆಂದು ಮಹಾಜನರೇ ಈಗ ಕಣ್ಣಾರೆ ನೋಡಬಹುದೆಂದೂ ಘೋಷಿಸಿದೆ. ಚಪ್ಪಾಳೆ ಬಿತ್ತು.

ಮೊದಲ ದೃಶ್ಯ ನಂಜಪ್ಪಣ್ಣನದು. ಬರೀ ಸೆರಗು ಸರಿಪಡಿಸಿಕೊಂಡೇ ಹೆಂಗಸರನ್ನು ಅಳಿಸುತ್ತಿದ್ದವನು ಅಂದು ಸೀರೆ ತೊಡರಿ ಬಿದ್ದ. ಮಾತಿನ ನಡುವೆ ಮರೆತು ನಿಂತ. ಹಾಡುವಾಗ ಅಪಸ್ವರ ಎಳೆದ. ಜನ ನಕ್ಕರು. ಹಿಂದಿನಿಂದ ಒಬ್ಬ, “ಆ ಅಜ್ಜೀನ ಒಳಿಕ್ಕೆ ಕಳ್ಸ್ರಪ್ಪೋ” ಎಂದು ಕೂಗಿದ. ನನ್ನ ಉಪಾಯ ಫಲಿಸಿತೆಂದು ಒಳಗೆ ನಿಂತು ನಾನು ಹಿಗ್ಗಿದೆ.

ಆಮೇಲೆ ಆ ಕಂಪನಿಯ ರಾಜ ಬಂದ. ತುಂಬಿದ ಸಭೆ ನೋಡಿ ಎಷ್ಟು ಕಾಲವಾಗಿತ್ತೋ, ಬೆನ್ನು ನೆಟ್ಟಗಾಯಿತು. ಅವನ ಮಾತು ಖಣಖಣಿಸಿತು. ಅವನಿಗೆ ಸೋಲಬಾರದೆಂದು ನಮ್ಮ ಮಂತ್ರಿ ಇನ್ನೂ ಚೆನ್ನಾಗಿ ಆಡಿದ. ಕೆಡಿಸುವ ಕೆಲಸವನ್ನು ಬೇರೆಯವರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬನೂ ನಂಬಿಕೊಂಡ.

ನಾಟಕ ಕೆಡಿಸುವ ಹೊಣೆ ಇನ್ನು ನನ್ನದೇ ಎಂದು, ಬೀಳಬೇಕೆಂದುಕೊಂಡೇ ರಂಗಕ್ಕೆ ಹೋದೆ. ಮುಂದೆ ಕೂತಿದ್ದ ಒಂದು ಮಗು ನನ್ನನ್ನು ನೋಡಿ ಕಿಟಾರನೆ ಕಿರುಚಿ ಅತ್ತಿತು. ಮಕ್ಕಳು ನನ್ನನ್ನು ನೋಡಿ ಅಳುವುದನ್ನು ಬಿಟ್ಟೇ ವರ್ಷಗಳಾಗಿದ್ದವು! ವಿರೋಧ, ನಿರ್ಣಯ ಎಲ್ಲ ಮರೆತು ಗರ್ಜಿಸಿದೆ. ಜನ “ಇನ್ನೊಂದ್ಸಲ” ಎಂದರು. ಇನ್ನೊಂದು ಸಲವೂ ಗರ್ಜಿಸಿದೆ.

ನಾಟಕ ಮುಗಿದಾಗ ಯಜಮಾನರಿಬ್ಬರೂ ರಂಗಕ್ಕೆ ಬಂದು ಕೈ ಕೈ ಹಿಡಿದು ನಿಂತರು. ಎರಡು ಕಂಪನಿ ಸೇರಿದರೆ ಎಂಥ ನಾಟಕವಾಗುತ್ತದೆಂದು ತೋರಿಸಿಕೊಟ್ಟ ನನ್ನನ್ನು ಹೊಗಳಿದರು. ನನ್ನನ್ನು ಉಳಿಸಿಕೊಂಡರು. ಮೊದಲು ಮನೆಗೆ ಕಳಿಸಬೇಕೆಂದು ತೀರ್ಮಾನಿಸಿದ್ದು ನಂಜಪ್ಪಣ್ಣನನ್ನು.

ಅವನು ಬೇಕೆಂದೇ ಹಾಗೆ ಆಡಿದ್ದೆಂದು ಯಜಮಾನರಿಗೆ ಹೇಳಿದೆ. ಅವರು ನಂಬಲಿಲ್ಲ. “ಬಾಕಿಯವ್ರೆಲ್ಲ ಚೆನ್ನಾಗೇ ಆಡಿದ್ರಲ್ಲಪ್ಪ” ಎಂದರು.

ಒಳಗೆ ಹೋದಾಗ ನಂಜಪ್ಪಣ್ಣ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ನೀನೊಬ್ಬ ಯಾಕಣ್ಣ ಹಾಗೆ ಮಾಡಿದೆ ಎಂದು ಕೇಳಿದೆ.

“ಮಾತು ಕೊಟ್ಟಿದ್ವಲ್ಲ ಗೋವಿಂದ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಕ್ಷಮೆ ಕೇಳಲೆಂದೇ ಅರಿಶಿನಕುಂಟೆಗೆ ಹೋದೆ. ನಂಜಪ್ಪಣ್ಣ ಅಲ್ಲಿ ತಂಗಿಯ ಮನೆಯಲ್ಲಿದ್ದ. ರಾಣಿಯ ಜಡೆಗೆಂದು ಬೆಳೆಸಿದ್ದ ತಲೆಗೂದಲನ್ನು ಪೂರ್ತಿ ಕತ್ತರಿಸಿಕೊಂಡಿದ್ದ. ಮಜ್ಜಿಗೆ ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ ಹೇಳಿದ: “ಆವತ್ತು ನೀನು ಗರ್ಜಿಸಿದ್ಯಲ್ಲ, ಒಳಗೆ ಕೂತಿದ್ದ ನಾನೇ ನಡುಗ್ಬಿಟ್ಟೆ ಕಣೋ. ಹಂಗೆ ನೀನು ಯಾವತ್ತೂ ಮಾಡಿರ್ಲಿಲ್ಲ.”

ಮೊದಲನೆಯದೋ ಎರಡನೆಯದೋ ಎಂದು ಕೇಳಿದೆ. ಅವನು ಎರಡನ್ನೂ ವಿವರಿಸಿದ. ಉಸಿರು ಎಲ್ಲಿ ಹಿಡಿದೆ, ಎಲ್ಲಿ ಬಿಟ್ಟೆ, ಎಲ್ಲವನ್ನೂ ನೆನಪಿಟ್ಟಿದ್ದ. ಬಸ್ಸು ಬರುವವರೆಗೂ ಅದೇ ಮಾತು. ಖುಷಿಯಿಂದ ಬಿಡಾರಕ್ಕೆ ಮರಳಿದೆ.

“ಕ್ಷಮೆ ಕೇಳಿದ್ರಾ?” ಎಂದಳು ಪುಟ್ಟಮ್ಮ.

“ಎರಡನೇ ಗರ್ಜನೆ ಬಲು ಚೆನ್ನಾಗಿತ್ತಂತೆ” ಎಂದೆ.